ಮಲೆನಾಡಿನ ಗುಡ್ಡದ ಓಟಕ್ಕೆ ಮಂಡ್ಯದಲ್ಲಿ ತಯಾರಿ: ಏರಿಗಿಂತ ಇಳಿಜಾರಿನ ಅಭ್ಯಾಸವೇ ಮುಖ್ಯ

ಪ್ರಶ್ನೆ: ನನಗೆ 41 ವರ್ಷ. ಮಂಡ್ಯದಲ್ಲಿ ನೌಕರಿಯಲ್ಲಿದ್ದೇನೆ. ಮೂರು ವರ್ಷಗಳಿಂದ ರಸ್ತೆಯ ಮೇಲೆ ಓಡುತ್ತಿದ್ದು, ಹಾಫ್ ಮ್ಯಾರಥಾನನ್ನು 2 ಗಂಟೆ 15 ನಿಮಿಷದಲ್ಲಿ ಮುಗಿಸಿದ್ದೇನೆ. ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರು ಕಡೆಯ ಕಾಫಿ ತೋಟ ಮತ್ತು ಗುಡ್ಡಗಳ ನಡುವೆ ನಡೆಯುವ 30 ಕಿ.ಮೀ. ಟ್ರೇಲ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಒಟ್ಟು ಏರಿಕೆ 1,200 ಮೀಟರ್, ಕಾಲಮಿತಿ 8 ಗಂಟೆ, ಉಳಿದಿರುವುದು 14 ವಾರ. ಮೊನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಓಡುತ್ತಲೇ ಇಳಿದೆ. ಮರುದಿನದಿಂದ ತೊಡೆ ಮುಟ್ಟಲಾಗದಷ್ಟು ನೋವು, ಮಂಡಿಚಿಪ್ಪಿನ ಸುತ್ತಲೂ ಸ್ವಲ್ಪ ನೋವಿದೆ. ಗುಡ್ಡವಿಲ್ಲದ ಊರಿನಲ್ಲಿದ್ದುಕೊಂಡು ನಾನು ಹೇಗೆ ತಯಾರಾಗಬೇಕು? ಏರಿನಲ್ಲಿ ನಡೆದುಬಿಟ್ಟರೆ ಅದನ್ನು ಓಟವೆನ್ನಬಹುದೆ?

ಉತ್ತರ: 14 ವಾರ ನಿಮಗೆ ಸಾಕು. ಮೂರು ವರ್ಷ ಬಿಡದೆ ಓಡಿದವರಿಗೆ ಉಸಿರು ದೊಡ್ಡ ತೊಡಕಾಗುವುದಿಲ್ಲ. ಆದರೆ ಇಡೀ ತಯಾರಿಯನ್ನು 30 ಕಿಲೋಮೀಟರ್ ಎಂಬ ಅಂಕಿಯ ಮೇಲೆ ಕಟ್ಟಬೇಡಿ. 2013ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಟ್ರೇಲ್ ಓಟ ಸಂಘವು ಇಂತಹ ಸ್ಪರ್ಧೆಗಳ ಕಷ್ಟವನ್ನು ಅಳೆಯಲು ಒಂದು ಸರಳ ಲೆಕ್ಕವನ್ನು ಬಳಸುತ್ತದೆ: ಓಡಬೇಕಾದ ದೂರಕ್ಕೆ, ಪ್ರತಿ 100 ಮೀಟರ್ ಏರಿಕೆಗೆ ಒಂದು ಕಿಲೋಮೀಟರಿನಂತೆ ಸೇರಿಸಬೇಕು. ಹಾಗೆ ನೋಡಿದರೆ ನಿಮ್ಮದು 30ಕ್ಕೆ 12 ಸೇರಿ 42 ಆಗುತ್ತದೆ. ಅಂದರೆ ಶ್ರಮದ ದೃಷ್ಟಿಯಿಂದ ನೀವು ಹೆಸರು ಕೊಟ್ಟಿರುವುದು ಪೂರ್ಣ ಮ್ಯಾರಥಾನಿಗೆ. ನಿಮ್ಮ ಹಾಫ್ ಮ್ಯಾರಥಾನಿನ ವೇಗ ಕಿಲೋಮೀಟರಿಗೆ ಸುಮಾರು 6 ನಿಮಿಷ 24 ಸೆಕೆಂಡು. ಅದನ್ನು ಏಳೂವರೆ ನಿಮಿಷಕ್ಕೆ ಇಳಿಸಿ ಲೆಕ್ಕ ಹಾಕಿದರೂ ಐದೂಕಾಲು ಗಂಟೆ ಹಿಡಿಯುತ್ತದೆ. ಕೆಸರು, ಕಲ್ಲು, ನೀರಿನ ತಾಣಗಳಲ್ಲಿ ನಿಲ್ಲುವ ಹೊತ್ತು ಎಲ್ಲವನ್ನೂ ಸೇರಿಸಿ ಆರರಿಂದ ಆರೂವರೆ ಗಂಟೆ ಎಂದು ಇಟ್ಟುಕೊಳ್ಳಿ. 8 ಗಂಟೆಯ ಕಾಲಮಿತಿಯೊಳಗೆ ಇದು ನೆಮ್ಮದಿಯಾಗಿ ಕೂರುತ್ತದೆ, ಆದ್ದರಿಂದ ವೇಗದ ಚಿಂತೆಯನ್ನು ಈಗಲೇ ಬಿಡಬಹುದು. ಚಾಮುಂಡಿ ಬೆಟ್ಟದ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಪಾದದಿಂದ ತುದಿಯವರೆಗೆ ಹತ್ತಿದರೆ ದೊರೆಯುವುದು ಸರಿಸುಮಾರು 250 ಮೀಟರ್ ಏರಿಕೆ. ಆ ಲೆಕ್ಕದಲ್ಲಿ ಓಟದ ದಿನ ನೀವು ಆ ಬೆಟ್ಟವನ್ನು ಹೆಚ್ಚುಕಡಿಮೆ ಐದು ಬಾರಿ ಹತ್ತಿ, ಐದು ಬಾರಿ ಇಳಿಯಬೇಕಾಗುತ್ತದೆ.

ಇಳಿಯಬೇಕಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಮಾತು. ರಸ್ತೆಯಿಂದ ಗುಡ್ಡಕ್ಕೆ ಬರುವ ಬಹುತೇಕ ಹವ್ಯಾಸಿ ಓಟಗಾರರು ಏರಿಗೆ ಹೆದರಿ ಏರನ್ನೇ ಅಭ್ಯಾಸ ಮಾಡುತ್ತಾರೆ. ಸ್ಪರ್ಧೆಯ ದಿನ ಅವರ ಕಾಲು ಸೋಲುವುದು ಮಾತ್ರ ಇಳಿಜಾರಿನಲ್ಲಿ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಬಲ ಕೊಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಹೀಗೆ ಹಿಗ್ಗುತ್ತಾ ಬಲ ಕೊಡುವ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು, ಅದರಿಂದಲೇ ಇಳಿಯುವಾಗ ಉಸಿರು ಹಗುರವಾಗಿ, ಎಲ್ಲವೂ ಸುಲಭವೆನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಆಗುವ ಸೂಕ್ಷ್ಮ ಹಾನಿ ಏರಿಗಿಂತ ಬಹಳ ಹೆಚ್ಚು. ಅದರ ನೋವು ಕೂಡಲೇ ಕಾಣಿಸದೆ, ಒಂದರಿಂದ ಮೂರು ದಿನಗಳ ನಡುವೆ ತುತ್ತತುದಿಗೆ ಹೋಗಿ ಇಳಿಯುತ್ತದೆ. ನಿಮಗೆ ಮೆಟ್ಟಿಲಿಳಿದ ಮರುದಿನ ಆರಂಭವಾದ ತೊಡೆನೋವು ಇದೇ. ಅದು ಗಾಯವಲ್ಲ, ಅಭ್ಯಾಸವಿಲ್ಲದ ಕೆಲಸಕ್ಕೆ ದೇಹ ಕೊಟ್ಟ ಉತ್ತರ.

ಸಂತೋಷದ ಸಂಗತಿಯೆಂದರೆ, ಈ ವಿಷಯದಲ್ಲಿ ದೇಹ ಬಹಳ ಬೇಗ ಕಲಿಯುತ್ತದೆ. ಒಮ್ಮೆ ಮಿತವಾಗಿ ಇಳಿದು ನೋವು ತಿಂದ ಸ್ನಾಯು, ಮುಂದಿನ ಹಲವು ವಾರಗಳವರೆಗೆ ಅದೇ ಪ್ರಮಾಣದ ಇಳಿಕೆಗೆ ಅಷ್ಟು ನೋಯುವುದಿಲ್ಲ. ವ್ಯಾಯಾಮ ವಿಜ್ಞಾನದಲ್ಲಿ ಚೆನ್ನಾಗಿ ದೃಢಪಟ್ಟಿರುವ ಈ ಗುಣದ ಮೇಲೆಯೇ ನಿಮ್ಮ 14 ವಾರಗಳನ್ನು ಕಟ್ಟಬೇಕೆಂಬುದು ನನ್ನ ಸಲಹೆ. ಮೊದಲ ಎರಡು ವಾರಗಳಲ್ಲಿ ಒಂದೇ ಒಂದು ಸಲ, ಒಟ್ಟು ಇನ್ನೂರು ಮೀಟರಿನಷ್ಟು ಇಳಿಕೆಯನ್ನು ನಿಧಾನವಾಗಿ ಓಡಿ. ನೋವು ಪೂರ್ತಿ ಇಳಿಯುವವರೆಗೆ ಸಮತಟ್ಟಿನಲ್ಲಿ ಮಾತ್ರ ಓಡಾಡಿ. ಆಮೇಲೆ ಎಂಟರಿಂದ ಹತ್ತು ದಿನಕ್ಕೊಮ್ಮೆ ಇಳಿಕೆಯ ಅಭ್ಯಾಸವನ್ನು ಮಾಡುತ್ತಾ, ಹತ್ತನೆಯ ವಾರದ ಹೊತ್ತಿಗೆ ಒಂದೇ ದಿನ ಏಳುನೂರೈವತ್ತು ಮೀಟರ್ ಇಳಿಯುವ ಮಟ್ಟ ಮುಟ್ಟಿ. ಕೊನೆಯ ಕಠಿಣ ಇಳಿಕೆ ಸ್ಪರ್ಧೆಗೆ ಹತ್ತರಿಂದ ಹದಿನಾಲ್ಕು ದಿನ ಮೊದಲೇ ಮುಗಿದಿರಬೇಕು. ಅದಕ್ಕಿಂತ ತಡವಾದರೆ ದಣಿದ ಕಾಲಿನಲ್ಲಿಯೇ ಓಟದ ಆರಂಭದ ಗೆರೆಯ ಮೇಲೆ ನಿಲ್ಲಬೇಕಾಗುತ್ತದೆ.

ವಾರದ ಉಳಿದ ಓಟಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು, ಅದರಲ್ಲಿ ಎರಡು ದಿನ ಮಾತಾಡುತ್ತಾ ಓಡಬಹುದಾದ ಸುಲಭದ ಓಟವಿರಲಿ. ವಾರದ ಉದ್ದನೆಯ ಓಟವನ್ನು ಮಾತ್ರ ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಯಲ್ಲಿ ಅಳೆಯಿರಿ. ಈಗ ಎರಡು ಗಂಟೆಯಿಂದ ಆರಂಭಿಸಿ, ಮೂರು ವಾರ ಏರಿಸಿ ಒಂದು ವಾರ ಇಳಿಸುವ ಕ್ರಮದಲ್ಲಿ ನಾಲ್ಕು ಗಂಟೆಯವರೆಗೆ ಬನ್ನಿ. ಅಷ್ಟು ಹೊತ್ತು ಕಾಲಿನ ಮೇಲಿರುವುದು, ನಡುವೆ ನಡೆದರೂ ಪರವಾಗಿಲ್ಲ, ವೇಗಕ್ಕಿಂತ ಹೆಚ್ಚಿನ ಉಪಯೋಗಕ್ಕೆ ಬರುತ್ತದೆ.

ಇನ್ನು ಜಾಗದ ಪ್ರಶ್ನೆ. ಮಂಡ್ಯ ಪಟ್ಟಣದ ಸುತ್ತ ನಾಲೆಯ ನೀರುಂಡ ಗದ್ದೆ, ಕಬ್ಬಿನ ಬಯಲೇ ಹೆಚ್ಚೆಂಬುದು ನಿಜ. ಆದರೆ ನಾಲೆಯ ಏರಿಯ ಮಣ್ಣುಹಾದಿಯನ್ನು ಕಡೆಗಣಿಸಬೇಡಿ. ಗಾಡಿಜಾಡು, ಹುಲ್ಲು, ಮಳೆಯಾದ ಮೇಲಿನ ಜಾರು, ಇವೆಲ್ಲ ಹರಡಿನ ಸುತ್ತಲಿನ ಸಣ್ಣ ಸ್ನಾಯುಗಳಿಗೆ ಡಾಂಬರು ಎಂದೂ ಕೊಡದ ಶಿಕ್ಷಣ ಕೊಡುತ್ತವೆ. ವಾರದ ಮಧ್ಯದ ಸುಲಭ ಓಟಗಳಲ್ಲಿ ಒಂದನ್ನಾದರೂ ಅಲ್ಲಿಗೆ ವರ್ಗಾಯಿಸಿ. ಏರಿಳಿತಕ್ಕೆ ವಾರಾಂತ್ಯದಲ್ಲಿ ಮೂರು ದಿಕ್ಕು ನಿಮಗೆ ಹತ್ತಿರ: ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ, ಮತ್ತು ಮೇಲುಕೋಟೆ. ಕರಿಘಟ್ಟದಲ್ಲಿ ಮೆಟ್ಟಿಲೂ ಇದೆ, ವಾಹನ ಹೋಗುವ ರಸ್ತೆಯೂ ಇದೆ. ಮೆಟ್ಟಿಲಿನಲ್ಲಿ ಹತ್ತಿ ರಸ್ತೆಯಲ್ಲಿ ಇಳಿಯುವ ಸುತ್ತುಗಳನ್ನು ಮಾಡಬಹುದಾದ್ದರಿಂದ, ಹೊಸಬರ ಮೊದಲ ಇಳಿಕೆಯ ಅಭ್ಯಾಸಕ್ಕೆ ನಾನು ಅದನ್ನೇ ಸೂಚಿಸುತ್ತೇನೆ. ಕುಂತಿಬೆಟ್ಟ ಬಂಡೆಗಳ ಬೆಟ್ಟ. ಅಲ್ಲಿ ಓಡುವುದಕ್ಕಿಂತ ಕೈಯೂರಿ ಹತ್ತುವುದು ಹೆಚ್ಚು, ಮಳೆ ಬಿದ್ದ ದಿನ ಅದರ ಹತ್ತಿರ ಹೋಗಬಾರದು.

ಚಾಮುಂಡಿ ಬೆಟ್ಟದ ವಿಷಯಕ್ಕೆ ಬಂದರೆ, ಹತ್ತಲು ಅದಕ್ಕಿಂತ ಒಳ್ಳೆಯ ಜಾಗ ಈ ಭಾಗದಲ್ಲಿ ಮತ್ತೊಂದಿಲ್ಲ. ಮೆಟ್ಟಿಲಿನಲ್ಲಿ ಓಡಿ ಇಳಿಯುವುದನ್ನು ಮಾತ್ರ ನಿಲ್ಲಿಸಿ. ಸವೆದು ನುಣುಪಾದ ಕಲ್ಲು, ಒಂದೇ ಬಗೆಯ ಎತ್ತರ, ಪ್ರತಿ ಹೆಜ್ಜೆಗೂ ಒಂದೇ ಜಾಗಕ್ಕೆ ಬೀಳುವ ಪೆಟ್ಟು, ಇವು ಕಾಡುಹಾದಿಯ ಇಳಿಜಾರನ್ನು ಕಲಿಸುವುದಿಲ್ಲ, ಮಂಡಿಯನ್ನು ಮಾತ್ರ ಕೆಣಕುತ್ತವೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಆ ಮೆಟ್ಟಿಲುಗಳಲ್ಲಿ ಬಗ್ಗಿ ಒಂದೊಂದಕ್ಕೂ ಅರಿಶಿನ ಕುಂಕುಮವಿಡುತ್ತಾ ಹರಕೆ ತೀರಿಸುವ ಹೆಂಗಸರಿರುತ್ತಾರೆ, ವಯಸ್ಸಾದವರಿರುತ್ತಾರೆ. ಮೇಲಿನಿಂದ ರಭಸವಾಗಿ ಬರುವ ಓಟಗಾರನಿಂದ ಅವರಿಗೆ ಅಪಾಯ. ಆಷಾಢ ಶುಕ್ರವಾರಗಳಲ್ಲಿ ಮತ್ತು ದಸರಾ ದಿನಗಳಲ್ಲಿ ಆ ಬೆಟ್ಟವನ್ನು ಭಕ್ತರಿಗೇ ಬಿಟ್ಟುಬಿಡಿ. ಉಳಿದ ದಿನಗಳಲ್ಲಿ ಮೆಟ್ಟಿಲಿನಲ್ಲಿ ಹತ್ತಿ, ಬೆಳಕಾದ ಮೇಲೆ, ವಾಹನಗಳಿಗೆ ಎದುರುಮುಖವಾಗಿ ರಸ್ತೆಯ ಅಂಚಿನಲ್ಲಿ ಇಳಿಯಿರಿ. ತಿರುವುಗಳ ಸರಾಗ ಇಳಿಜಾರಿನಲ್ಲಿ ಕಾಲು ಬಿಟ್ಟು ಓಡುವುದನ್ನು ಕಲಿಯಲು ಅದು ಯೋಗ್ಯವಾಗಿದೆ.

ಎಲ್ಲಿಯೇ ಓಡಿದರೂ ಎರಡು ಸಂಗತಿ ನೆನಪಿರಲಿ. ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ಚಿರತೆಗಳಿವೆ; ಗುಡ್ಡದ ಬಂಡೆಗಳಲ್ಲಿ ಮಾತ್ರವಲ್ಲ, ಬೆಳೆದು ನಿಂತ ಕಬ್ಬಿನ ಗದ್ದೆಗಳಲ್ಲಿಯೂ ಅವು ಉಳಿದುಕೊಳ್ಳುತ್ತವೆ. ಸೂರ್ಯೋದಯಕ್ಕೆ ಮೊದಲು ಅಥವಾ ಕತ್ತಲಾದ ಮೇಲೆ ಅಂಥ ಕಡೆ ಒಬ್ಬರೇ ಓಡಬೇಡಿ, ಕಿವಿಗೆ ಹಾಡು ಹಾಕಿಕೊಳ್ಳಬೇಡಿ. ಎರಡನೆಯದು, ಮೇಲುಕೋಟೆಯ ಮತ್ತು ಮೈಸೂರು ಜಿಲ್ಲೆಯ ಅರಬಿತಿಟ್ಟಿನ ಕಾಡುಗಳು ವನ್ಯಜೀವಿಧಾಮಗಳು. ಊರು, ಕಲ್ಯಾಣಿ, ಬೆಟ್ಟದ ಮೆಟ್ಟಿಲುಗಳವರೆಗೆ ಸರಿ, ಅದರಾಚೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲುದಾರಿ ಹುಡುಕುತ್ತಾ ಹೋಗುವಂತಿಲ್ಲ.

ಏರಿನಲ್ಲಿ ನಡೆದರೆ ಅದು ಓಟವೇ ಎಂದು ಕೇಳಿದ್ದೀರಿ. ಖಂಡಿತ ಹೌದು, ಮತ್ತು ಕಡಿದಾದ ಏರಿನಲ್ಲಿ ನಡೆಯುವುದೇ ಜಾಣತನ. ಏರು ಒಂದು ಹಂತ ಮೀರಿ ಕಡಿದಾದಾಗ, ಒಂದೇ ವೇಗದಲ್ಲಿ ಸಾಗಲು ಓಡುವುದಕ್ಕಿಂತ ನಡೆಯುವುದಕ್ಕೆ ಕಡಿಮೆ ಶಕ್ತಿ ಸಾಕಾಗುತ್ತದೆಂದು ಪ್ರಯೋಗಾಲಯದ ಅಳತೆಗಳೇ ತೋರಿಸಿವೆ. ಪ್ರಪಂಚದ ದೊಡ್ಡ ಬೆಟ್ಟದ ಓಟಗಳಲ್ಲಿ ಮುಂಚೂಣಿಯಲ್ಲಿರುವವರೂ ಕಡಿದಾದ ಏರುಗಳನ್ನು ತೊಡೆಯ ಮೇಲೆ ಕೈಯೊತ್ತಿ ನಡೆದೇ ಹತ್ತುತ್ತಾರೆ. ನಿಮಗೆ ನಾನು ಕೊಡುವ ಅಳತೆ ಉಸಿರಿನದು: ಏರಿನಲ್ಲಿ ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ ಆ ಕ್ಷಣವೇ ನಡಿಗೆಗೆ ಬನ್ನಿ. ಆದರೆ ನಡಿಗೆಯನ್ನೂ ಅಭ್ಯಾಸ ಮಾಡಬೇಕು. ಬೆನ್ನನ್ನು ಗೂನು ಮಾಡದೆ ಸೊಂಟದಿಂದ ತುಸು ಮುಂದಕ್ಕೆ ಬಾಗಿ, ಚಿಕ್ಕ ಹೆಜ್ಜೆಗಳನ್ನಿಡುತ್ತಾ, ನಿಲ್ಲದೆ ಅರ್ಧ ಗಂಟೆ ಬಿರುಸಾಗಿ ಹತ್ತುವುದು ಅಭ್ಯಾಸವಿಲ್ಲದವರಿಗೆ ಸುಲಭವಲ್ಲ. ಚಾಮುಂಡಿಯ ಮೆಟ್ಟಿಲುಗಳು ನಿಮಗೆ ಬೇಕಾಗಿರುವುದು ಇದಕ್ಕೇ.

ಇಳಿಯುವ ಕ್ರಮ ಇದಕ್ಕಿಂತ ನಾಜೂಕಿನದು. ಹೆದರಿದ ಮನುಷ್ಯ ಸಹಜವಾಗಿಯೇ ಮೈಯನ್ನು ಹಿಂದಕ್ಕೆ ವಾಲಿಸಿ, ಕಾಲನ್ನು ಉದ್ದಕ್ಕೆ ಚಾಚಿ, ಹಿಮ್ಮಡಿ ಊರಿ ಪ್ರತಿ ಹೆಜ್ಜೆಗೂ ಬ್ರೇಕು ಹಾಕುತ್ತಾನೆ. ತೊಡೆ ಸಾಯುವುದೂ ಕಾಲು ಜಾರುವುದೂ ಅದರಿಂದಲೇ. ಹೆಜ್ಜೆಯನ್ನು ಚಿಕ್ಕದಾಗಿಸಿ, ಬೇಗಬೇಗ ಇಡಿ. ಮಂಡಿ ಸದಾ ಸ್ವಲ್ಪ ಮಡಚಿರಲಿ, ಪಾದ ಮೈಯ ಕೆಳಗೇ ಬೀಳಲಿ, ತೋಳುಗಳು ತೂಕ ಸರಿದೂಗಿಸಲು ಅಗಲಕ್ಕೆ ಬಿಟ್ಟುಕೊಂಡಿರಲಿ. ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದಿನ ನೆಲದ ಮೇಲೆ ಇರಬೇಕು. ಕಣ್ಣು ಆರಿಸಿದ ಜಾಗಕ್ಕೆ ಕಾಲು ತಾನಾಗಿ ಹೋಗುವುದನ್ನು ಕೆಲವೇ ವಾರಗಳಲ್ಲಿ ನೀವು ಅನುಭವಿಸುತ್ತೀರಿ, ಗುಡ್ಡದ ಓಟದ ನಿಜವಾದ ಖುಷಿ ಅಲ್ಲಿದೆ ಎಂದು ನಾನು ನಂಬಿದ್ದೇನೆ.

ನಿಮ್ಮ ಮಂಡಿಚಿಪ್ಪಿನ ಸುತ್ತಲಿನ ನೋವನ್ನು ತೊಡೆನೋವಿನಿಂದ ಬೇರೆಯಾಗಿಯೇ ನೋಡಬೇಕು. ಮೆಟ್ಟಿಲಿಳಿಯುವಾಗ, ಬಹಳ ಹೊತ್ತು ಕುಳಿತು ಏಳುವಾಗ ಚಿಪ್ಪಿನ ಮುಂಭಾಗದಲ್ಲಿ ಕಾಣುವ ನೋವು, ಹೆಚ್ಚಿನ ಸಂದರ್ಭಗಳಲ್ಲಿ, ಚಿಪ್ಪಿನ ಹಿಂದಿನ ಕೀಲಿನ ಮೇಲೆ ಒಮ್ಮೆಲೇ ಬಿದ್ದ ಹೊರೆಯಿಂದ ಬಂದದ್ದು. ಚಿಪ್ಪಿನ ಹೊರಮಗ್ಗುಲಿನಲ್ಲಿ, ಓಡತೊಡಗಿದ ಸ್ವಲ್ಪ ಹೊತ್ತಿಗೆ ಚುಚ್ಚುವಂತೆ ಆರಂಭವಾಗುವ ನೋವಾದರೆ ಅದು ಸೊಂಟದಿಂದ ಮಂಡಿಯವರೆಗೆ ಹೊರಗಿನಿಂದ ಇಳಿಯುವ ಪಟ್ಟಿಗೆ ಸಂಬಂಧಿಸಿದ್ದಿರಬಹುದು. ಹತ್ತಕ್ಕೆ ಮೂರರೊಳಗಿನ ನೋವಾಗಿದ್ದು ಮರುದಿನ ಬೆಳಿಗ್ಗೆಗೆ ತಗ್ಗಿದರೆ ಅಭ್ಯಾಸ ಮುಂದುವರಿಸಬಹುದು. ಊತ, ಮಂಡಿ ಸಿಕ್ಕಿಕೊಂಡಂತಾಗುವುದು, ಭಾರ ಬಿದ್ದಾಗ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ ಓಟ ನಿಲ್ಲಿಸಿ ಮೂಳೆತಜ್ಞರಿಗೆ ತೋರಿಸಿ. ಎರಡೂ ಬಗೆಯ ನೋವಿಗೆ ಮದ್ದು ತೊಡೆ ಮತ್ತು ಪೃಷ್ಠದ ಬಲ. ಮನೆಯಲ್ಲಿ 20 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿದ್ದರೆ ಸಾಕು. ಒಂದು ಕಾಲಿನ ಮೇಲೆ ನಿಂತು, ಇನ್ನೊಂದರ ಹಿಮ್ಮಡಿ ನೆಲ ಸೋಕುವವರೆಗೆ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿದು ಮತ್ತೆ ಏಳಿ. ಪ್ರತಿ ಕಾಲಿಗೆ ಹತ್ತರಂತೆ ಮೂರು ಸುತ್ತು, ವಾರಕ್ಕೆ ಎರಡು ಅಥವಾ ಮೂರು ದಿನ. ಇದರೊಂದಿಗೆ ಒಂಟಿಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿಳಿಸುವುದನ್ನು ಸೇರಿಸಿ. ಗುಡ್ಡವಿಲ್ಲದ ಊರಿನವರಿಗೆ ಇದು ಇಳಿಜಾರಿನ ಬದಲಿ ಅಭ್ಯಾಸವೂ ಹೌದು, ಏಕೆಂದರೆ ಇಲ್ಲಿಯೂ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ.

ನಿಮ್ಮ ವಯಸ್ಸು ನಲವತ್ತು ದಾಟಿರುವುದರಿಂದ ಇನ್ನೊಂದು ಮಾತು ಹೇಳಲೇಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮನೆತನದಲ್ಲಿ ಎಳೆವಯಸ್ಸಿನ ಹೃದಯಾಘಾತವಿದ್ದರೆ, ಏರು ಹತ್ತುವಾಗ ಎದೆ ಬಿಗಿದಂತಾಗಿದ್ದರೆ, ಕಠಿಣ ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರನ್ನು ಕಾಣಿ. ನೋವು ಬಾರದಿರಲೆಂದು ಓಟಕ್ಕೆ ಮೊದಲು ಅಥವಾ ಓಟದ ನಡುವೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿ ಹರಡುತ್ತಿದೆ. ನೀರು ಕಳೆದುಕೊಂಡ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ದಯವಿಟ್ಟು ಬೇಡ.

ಬೂಟಿನ ವಿಷಯ ಸರಳ. ಕಾಫಿ ತೋಟದ ಮಣ್ಣು ನವೆಂಬರಿನಲ್ಲಿಯೂ ಒದ್ದೆಯಿರಬಹುದಾದ್ದರಿಂದ ಅಟ್ಟೆಯ ಹಲ್ಲು ನಾಲ್ಕೈದು ಮಿಲಿಮೀಟರಿನಷ್ಟಾದರೂ ಇರಲಿ. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗದಂತೆ ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗವಿರಲಿ. ಕೊಂಡದ್ದನ್ನು ಆರೇಳು ವಾರ ಮೊದಲೇ ತೊಟ್ಟು ಓಡಿ.

ಆರು ಗಂಟೆಯ ಶ್ರಮಕ್ಕೆ ಊಟದ ಲೆಕ್ಕ ಬೇಕೇ ಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಮೊದಲ ಗಂಟೆಯಿಂದಲೇ. ದುಬಾರಿ ಜೆಲ್‌ಗಳೇ ಆಗಬೇಕೆಂದಿಲ್ಲ. 20 ಗ್ರಾಮಿನ ಒಂದು ತುಂಡು ಬೆಲ್ಲದಲ್ಲಿ ಹೆಚ್ಚುಕಡಿಮೆ ಅಷ್ಟೂ ಸಕ್ಕರೆಯೇ; ಮಂಡ್ಯದವರಿಗೆ ಒಳ್ಳೆಯ ಬೆಲ್ಲ ಎಲ್ಲಿ ಸಿಗುತ್ತದೆಂದು ಯಾರೂ ಹೇಳಬೇಕಾಗಿಲ್ಲ. ಬಾಳೆಹಣ್ಣು, ಖರ್ಜೂರ ಎರಡೂ ಒಳ್ಳೆಯವು. ಕಡಲೆಬೀಜದ ಚಿಕ್ಕಿಯಲ್ಲಿ ಕೊಬ್ಬು ಹೆಚ್ಚಿರುವುದರಿಂದ ಏರಿನಲ್ಲಿ ಹೊಟ್ಟೆ ಭಾರವಾಗುತ್ತದೆ. ಯಾವುದನ್ನು ತಿಂದರೂ ಉದ್ದನೆಯ ಓಟಗಳಲ್ಲಿ ಅದನ್ನೇ ತಿಂದು ಪರೀಕ್ಷಿಸಿರಬೇಕು. ಮುದ್ದೆ, ಸೊಪ್ಪಿನ ಬಸ್ಸಾರನ್ನು ಸ್ಪರ್ಧೆಯ ಹಿಂದಿನ ಮಧ್ಯಾಹ್ನಕ್ಕೇ ಮುಗಿಸಿ ರಾತ್ರಿ ಅನ್ನ ತಿನ್ನಿ, ನಾರಿನಂಶ ಕಡಿಮೆಯಾದರೆ ಬೆಳಗಿನ ಹೊಟ್ಟೆ ಹಗುರವಿರುತ್ತದೆ. ಓಟಕ್ಕೆ ಎರಡೂವರೆ ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ ಸಾಕು. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬರಿಯ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು, ತಲೆ ಸುತ್ತು, ವಾಂತಿಯಿಂದ ಹಿಡಿದು ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಒಂದು ಬಾಟಲಿಯಲ್ಲಿಟ್ಟುಕೊಳ್ಳಿ.

ಆಯೋಜಕರು ಕಡ್ಡಾಯವೆಂದು ಹೇಳಿದ ಸಾಮಾನನ್ನು ಹಗುರ ಮಾಡಿಕೊಳ್ಳುವ ನೆಪದಲ್ಲಿ ಬಿಟ್ಟು ಹೋಗುವವರನ್ನು ಕಂಡರೆ ನನಗೆ ನಿಜವಾಗಿಯೂ ಆತಂಕವಾಗುತ್ತದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಬೆಟ್ಟದ ಓಟದಲ್ಲಿ ಇದ್ದಕ್ಕಿದ್ದಂತೆ ಬಂದ ಗಾಳಿ, ಆಲಿಕಲ್ಲು, ಚಳಿಮಳೆಗೆ ಸಿಕ್ಕಿ 21 ಓಟಗಾರರು ಸತ್ತರು. ಅನೇಕರು ತೆಳುವಾದ ಅಂಗಿ, ಚಡ್ಡಿಯಲ್ಲಿದ್ದರು. ನಮ್ಮ ಮಲೆನಾಡು ಅಷ್ಟು ಕ್ರೂರವಲ್ಲ. ಆದರೂ ಒದ್ದೆ ಬಟ್ಟೆಯಲ್ಲಿ, ಗಾಳಿ ಬೀಸುವ ಗುಡ್ಡದ ನೆತ್ತಿಯಲ್ಲಿ, ಹರಡು ಉಳುಕಿ ಒಂದು ಗಂಟೆ ಕುಳಿತವರ ಮೈ ಬಹಳ ಬೇಗ ತಣ್ಣಗಾಗುತ್ತದೆ. ತೆಳುವಾದ ಮಳೆಯಂಗಿ, ಚಾರ್ಜು ತುಂಬಿದ ಫೋನು, ಸೀಟಿ, ಒಂದು ಕ್ರೇಪ್ ಬ್ಯಾಂಡೇಜು ಬೆನ್ನಚೀಲದಲ್ಲಿರಲಿ. ನಿಮಿಷಕ್ಕೆ ಆರು ಬಾರಿ ಸೀಟಿಯೂದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ಒಪ್ಪಿತ ಸಂಕೇತ.

ತೋಟಗಳ ಇಂಬಳ ರಕ್ತ ಹೀರುತ್ತದೆ, ಅಪಾಯವಿಲ್ಲ. ಉದ್ದ ಕಾಲುಚೀಲ ಸಾಕು. ಉಣುಗನ್ನು ಹಾಗೆ ಉಡಾಫೆಯಿಂದ ನೋಡುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದಲೇ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಪ್ರಕರಣಗಳು ಕಂಡುಬಂದಿವೆ, ಮತ್ತು ಅದರ ಕಾಲ ಮಳೆ ಮುಗಿದ ಮೇಲೆ ಆರಂಭವಾಗಿ ಬೇಸಗೆಯವರೆಗೆ ಇರುತ್ತದೆ. ಉಣುಗು ನಿವಾರಕ ಎಣ್ಣೆ ಹಚ್ಚಿಕೊಂಡು ಓಡಿ, ಮುಗಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಮೈಯೆಲ್ಲ ಪರೀಕ್ಷಿಸಿಕೊಳ್ಳಿ. ಎರಡು ವಾರದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಮಲೆನಾಡಿನ ಕಾಡಿನಲ್ಲಿ ಓಡಿದ್ದನ್ನು ವೈದ್ಯರಿಗೆ ನೀವಾಗಿಯೇ ತಿಳಿಸಿ. ಮಂಡ್ಯದ ವೈದ್ಯರಿಗೆ ಅದು ತಾನಾಗಿ ಹೊಳೆಯಲಾರದು.

ಓಟದ ದಿನ ಮೊದಲ ಐದು ಕಿಲೋಮೀಟರನ್ನು ನಿಮಗೇ ಮುಜುಗರವಾಗುವಷ್ಟು ನಿಧಾನವಾಗಿ ಓಡಿ. ಕಿರಿದಾದ ಹಾದಿಯಲ್ಲಿ ಹಿಂದಿನವರು ದಾರಿ ಕೇಳಿದರೆ ಬದಿಗೆ ನಿಂತು ದಾರಿ ಬಿಡಿ, ಬಿದ್ದವರನ್ನು ಕಂಡರೆ ನಿಮ್ಮ ಸಮಯ ಮರೆತು ನಿಲ್ಲಿ. ದಾರಿ ತೋರಿಸಲು ಕಟ್ಟಿದ ಗುರುತಿನ ಪಟ್ಟಿ ಕೆಲವು ನಿಮಿಷಗಳವರೆಗೆ ಕಾಣದಿದ್ದರೆ ಮುಂದೆ ಸಿಗಬಹುದೆಂದು ನಂಬಿ ಹೋಗದೆ, ಕೊನೆಯದಾಗಿ ಕಂಡ ಪಟ್ಟಿಯವರೆಗೆ ಹಿಂದಿರುಗಿ. ನಡುವೆ ಬಿಡಬೇಕಾಗಿ ಬಂದರೆ ಆಯೋಜಕರಿಗೆ ತಿಳಿಸದೆ ಮನೆಗೆ ಹೊರಡಬೇಡಿ, ಏಕೆಂದರೆ ನಿಮಗಾಗಿ ಕತ್ತಲಲ್ಲಿ ಕಾಡು ಹುಡುಕುವವರು ಇರುತ್ತಾರೆ.

ಹತ್ತನೆಯ ವಾರದ ಕೊನೆಗೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಬೆಳಕು ಹರಿದ ಮೇಲೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಲ್ಲಿ ಹತ್ತಿ ರಸ್ತೆಯಲ್ಲಿ ಇಳಿಯಿರಿ, ಕೆಳಗೆ ಮುಟ್ಟಿದ ಮೇಲೆ ಮೆಟ್ಟಿಲಿನ ಬುಡಕ್ಕೆ ಯಾರಾದರೂ ವಾಹನದಲ್ಲಿ ತಂದು ಬಿಟ್ಟರೂ ಸರಿಯೇ, ಹೀಗೆ ಮೂರು ಸುತ್ತು, ಒಟ್ಟು ನಾಲ್ಕು ಗಂಟೆ, ನಡುವೆ ಯೋಜನೆಯಂತೆ ತಿನ್ನುತ್ತಾ ಕುಡಿಯುತ್ತಾ. ಎರಡನೆಯ ದಿನ ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯಲು ಸಾಧ್ಯವಾದರೆ, ಮಂಡಿ ಊದಿಕೊಳ್ಳದಿದ್ದರೆ, 30 ಕಿಲೋಮೀಟರಿಗೆ ನೀವು ಸಿದ್ಧ. ಸಾಧ್ಯವಾಗದಿದ್ದರೆ ಅದೇ ಸ್ಪರ್ಧೆಯಲ್ಲಿ ಚಿಕ್ಕ ದೂರದ ವಿಭಾಗವಿದೆಯೇ, ಹೆಸರನ್ನು ಅದಕ್ಕೆ ಬದಲಾಯಿಸಲು ಕೊನೆಯ ದಿನ ಯಾವುದು ಎಂದು ಆಯೋಜಕರಿಗೆ ಈ ವಾರವೇ ಬರೆದು ಕೇಳಿಟ್ಟುಕೊಳ್ಳಿ.